ಮರೆಯ ಪೆಟ್ಟಿಗೊಂದು ಮಿತಿ

2004ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟದಲ್ಲಿ ‘ರೋಗ್’ ಎಂಬೊಂದು ಪಾತ್ರವುಂಟು. (ಕಾಯಿಲೆಯಲ್ಲ, ವಾಚಕರೇ, ಧೂರ್ತನೆಂದರ್ಥ.) ಇವನು ಅದೃಶ್ಯನಾಗಿ ಹತ್ತಿರ ಸುಳಿದು, ಎದುರಾಳಿಯನ್ನು ಥಟ್ಟನೆ ಸ್ತಂಭನಗೊಳಿಸುತ್ತಾನೆ. ಆ ಎದುರಾಳಿಯೂ ಎಲ್ಲಿಯೋ ಕುಳಿತು ಆಡುತ್ತಿರುವ ಮನುಷ್ಯನೇ. ಕೀಲಿಗಳನ್ನು ಎಷ್ಟು ಒತ್ತಿದರೂ ಅವನ ವೀರ ಕದಲಲೊಲ್ಲ. ಸೋಲನ್ನಾದರೂ ಸಹಿಸಬಹುದು, ಈ ನಿಸ್ಸಹಾಯಕತೆಯನ್ನು ಸಹಿಸುವುದೆಂತು?

ಹಾಗೆಂದು ಮರೆಯ ಪೆಟ್ಟನ್ನೇ ಕಸಿದುಕೊಂಡರೆ, ಬರಿಯ ಚರ್ಮಕವಚದ ಆ ಧೂರ್ತನಿಗೆ ಉಳಿಯುವುದೇನು? ನಿರ್ಮಾಪಕರು ಅಂದು ಹೂಡಿದ ಉಪಾಯ ನನಗಂತೂ ಬಹಳ ಮೆಚ್ಚಿಗೆಯಾಯಿತು. ಒಂದೇ ಬಗೆಯ ಸ್ತಂಭನವನ್ನು ಬೆನ್ನುಬೆನ್ನಿಗೆ ಪ್ರಯೋಗಿಸಿದರೆ ಮೊದಲನೆಯದಕ್ಕೆ ಪೂರ್ಣ ಅವಧಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ನಾಲ್ಕನೆಯದು ತಾಗುತ್ತಲೇ ಇರಲಿಲ್ಲ. ಲೆಕ್ಕವನ್ನು ಇಟ್ಟದ್ದು ಹೊಡೆಯುವವನ ಹೆಸರಿನಲ್ಲಲ್ಲ, ಪೆಟ್ಟು ತಿನ್ನುವವನ ಹೆಸರಿನಲ್ಲಿ. ಆದುದರಿಂದ ಧೂರ್ತರಿಬ್ಬರು ಕೂಡಿ ಬಂದರೂ ಅವನಿಗೆ ಆ ರಕ್ಷಣೆ ತಪ್ಪುತ್ತಿರಲಿಲ್ಲ.