ನಿಮ್ಮ ಹೊಲದ ಫಲಿತಾಂಶ ಯಾರ ಕಪಾಟಿನಲ್ಲಿದೆ?



ಕೋಲಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 2019ರಿಂದ 2021ರವರೆಗೆ ಮೂರು ಮುಂಗಾರು ಕಾಲ ನಾನೊಂದು ರಾಗಿ ಪ್ರಯೋಗ ನಡೆಸಿದೆ. ಖುಷ್ಕಿ ರಾಗಿಗೆ ಯೂರಿಯಾವನ್ನು ಒಂದೇ ಸಲ ಕೊಡುವುದು ಮೇಲೋ, ಎರಡು ಕಂತಿನಲ್ಲಿ ಕೊಡುವುದು ಮೇಲೋ ಎಂಬುದಷ್ಟೇ ಪ್ರಶ್ನೆ. ಯಜಮಾನರು ಅರ್ಧ ಎಕರೆ ಬಿಟ್ಟುಕೊಟ್ಟರು. ಉತ್ತಿದ್ದು ಅವರು, ಕಳೆ ತೆಗೆದದ್ದು ಅವರ ಮನೆಯವರು, ಕೊಯ್ಲಿನ ದಿನ ತಾಕು ತಾಕಿನ ತೆನೆಯನ್ನು ಬೇರೆ ಬೇರೆ ಚೀಲಕ್ಕೆ ತುಂಬಿ ಚೀಟಿ ಕಟ್ಟಿದ್ದೂ ಅವರೇ. ನಾನು ತೂಕ ಬರೆದುಕೊಂಡೆ. 2023ರಲ್ಲಿ ಫಲಿತಾಂಶವು ವಿದೇಶದ ಒಂದು ಸಸ್ಯವಿಜ್ಞಾನ ನಿಯತಕಾಲಿಕದಲ್ಲಿ ಅಚ್ಚಾಯಿತು. ಸಹೋದ್ಯೋಗಿಗಳು ಅಭಿನಂದಿಸಿದರು, ನನ್ನ ಬಡ್ತಿಯ ಅರ್ಜಿಗೆ ಒಂದು ಸಾಲು ಸೇರಿತು.

ಮರುವರ್ಷ ಬೇರೆ ಕೆಲಸಕ್ಕೆಂದು ಆ ಊರಿಗೆ ಹೋದಾಗ ಯಜಮಾನರ ಮಗಳು, ಬಿ.ಎಸ್‌ಸಿ. ಓದುತ್ತಿರುವ ಹುಡುಗಿ, ನನ್ನ ಹೆಸರಿನಿಂದ ಆ ಪ್ರಬಂಧವನ್ನು ಮೊಬೈಲಿನಲ್ಲಿ ಹುಡುಕಿದ್ದಾಗಿ ಹೇಳಿದಳು. ಮೊದಲ ಪ್ಯಾರಾ ಮಾತ್ರ ಕಾಣಿಸಿತಂತೆ. ಉಳಿದದ್ದನ್ನು ಓದಬೇಕಾದರೆ ಮೂವತ್ತು ಚಿಲ್ಲರೆ ಡಾಲರು ಕಟ್ಟಬೇಕು. ಪಕ್ಕದಲ್ಲಿ ಕುಳಿತಿದ್ದ ಯಜಮಾನರು ಸಿಟ್ಟಿಲ್ಲದೆಯೇ ಕೇಳಿದರು: "ಹೊಲ ನಮ್ಮದು, ಗೇಯ್ಮೆ ನಮ್ಮದು. ಏನು ಬಂತು ಅಂತ ನೋಡೋಕೂ ನಾವೇ ಕಾಸು ಕೊಡಬೇಕಾ ಸ್ವಾಮಿ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದರ ಬಗ್ಗೆ ನಿಮ್ಮೊಂದಿಗೆ ಎರಡು ಮಾತು ಹೇಳಿಕೊಳ್ಳಲೆಂದೇ ಈ ಲೇಖನ.

ವೈಜ್ಞಾನಿಕ ನಿಯತಕಾಲಿಕವೆಂದರೆ ನೀವೀಗ ಕೈಯಲ್ಲಿ ಹಿಡಿದಿರುವಂಥ ಪತ್ರಿಕೆಯಲ್ಲ. ವಿಜ್ಞಾನಿಗಳು ವಿಜ್ಞಾನಿಗಳಿಗಾಗಿಯೇ ಬರೆಯುವ ಪತ್ರಿಕೆ ಅದು. ಇದರ ಪರಂಪರೆ ಹಳೆಯದು. 1665ರಲ್ಲಿ ಪ್ಯಾರಿಸ್ಸಿನಲ್ಲೊಂದು, ಲಂಡನ್ನಿನ ರಾಯಲ್ ಸೊಸೈಟಿಯಿಂದೊಂದು ಆರಂಭವಾದವು. ಈಗ ಮಣ್ಣಿಗೆ ಬೇರೆ, ಕಳೆಗೆ ಬೇರೆ, ಕೆರೆಯ ನೀರಿಗೆ ಬೇರೆ, ಪಟ್ಟಣದ ಬೆಳವಣಿಗೆಗೆ ಬೇರೆ ಎಂದು ಸಾವಿರಾರು ಇವೆ. ಕಳುಹಿಸಿದ ಪ್ರಬಂಧವನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರು ಪರಿಶೀಲಿಸಿ, ಲೆಕ್ಕ ತಪ್ಪಿದ್ದರೆ ಹಿಂದಕ್ಕೆ ಕಳುಹಿಸುತ್ತಾರೆ. ಈ ಜರಡಿ ಬೇಕು. ಬಾಟಲಿಗೆ ಬಣ್ಣದ ನೀರು ತುಂಬಿ 'ಇಳುವರಿ ಇಮ್ಮಡಿ' ಎಂದು ಸಂತೆಯಲ್ಲಿ ಮಾರುವವನಿಗೂ ವಿಜ್ಞಾನಿಗೂ ಇರುವ ವ್ಯತ್ಯಾಸವೇ ಅದು. ಆದ್ದರಿಂದ ನಾನು ನಿಯತಕಾಲಿಕಗಳ ವಿರೋಧಿಯಲ್ಲ.

ಆದರೆ ಇದರ ವ್ಯವಹಾರವನ್ನು ಒಮ್ಮೆ ನೋಡಿ. ಪ್ರಬಂಧ ಬರೆದವರಿಗೆ ಹಣವಿಲ್ಲ, ಪರಿಶೀಲಿಸಿದವರಿಗೂ ಸಾಮಾನ್ಯವಾಗಿ ಇಲ್ಲ. ಪ್ರಯೋಗದ ಖರ್ಚು ಬಹುಪಾಲು ಸರ್ಕಾರದ್ದು, ಅಂದರೆ ನಿಮ್ಮದು. ಅಚ್ಚಾದ ಮೇಲೆ ಅದೇ ಪ್ರಬಂಧವನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯ ಹಣ ಕೊಟ್ಟು ಕೊಳ್ಳಬೇಕು. ಡೈರಿಗೆ ಹಾಲನ್ನು ಪುಕ್ಕಟೆ ಹಾಕಿ, ಸಂಜೆ ಅದೇ ಹಾಲನ್ನು ಪ್ಯಾಕೆಟ್ಟಿನಲ್ಲಿ ಪೂರ್ತಿ ಬೆಲೆಗೆ ತಂದಂತೆ. ನಿಮ್ಮ ಹಾಲು ಉತ್ಪಾದಕರ ಸಂಘದಲ್ಲಿ ಇಂಥ ಠರಾವು ಮಂಡಿಸಿದರೆ ಸಭೆ ಹೇಗೆ ಮುಗಿಯುತ್ತದೆಂದು ನಾನು ಹೇಳಬೇಕಿಲ್ಲ.

ನಮ್ಮ ನಾಡಿನದೇ ಒಂದು ಹಳೆಯ ಉದಾಹರಣೆ ಕೇಳಿ. ಕಾಫಿ ತೋಟದವರು 'ಕೊಳೆರೋಗ' ಎಂದು ಕರೆಯುತ್ತಿದ್ದ ಬೇನೆಯ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ವಿದ್ವಾಂಸರು 'ಪೆಲ್ಲಿಕುಲೇರಿಯಾ ಕೊಲೆರೋಗ' ಎಂದು ಹೆಸರಿಟ್ಟರು. 'ಗ್ರೆವಿಲಿಯಾ' ಎಂಬ ತಮ್ಮದೇ ನಿಯತಕಾಲಿಕದಲ್ಲಿ ಅದನ್ನು ಪ್ರಕಟಿಸಿದರು. 1958ರಲ್ಲಿ ಡಾಂಕ್ ಎಂಬ ಡಚ್ ವಿಜ್ಞಾನಿ ಅದನ್ನು 'ಕೊಲೆರೋಗ ನಾಕ್ಸಿಯಾ' ಎಂದು ಬದಲಾಯಿಸಿದರು. ಮುಂದೆ ಮತ್ತೂ ಬದಲಾಯಿತೆನ್ನಿ. ಶಿಲೀಂಧ್ರ ತಜ್ಞರಿಗೆ ಹೆಸರು ಬದಲಾಯಿಸುವುದೊಂದು ಚಪಲ. ನಾನು ಹೇಳಹೊರಟದ್ದು ಇಷ್ಟೇ: ಮಲೆನಾಡಿನ ಆಳುಮಕ್ಕಳ ಬಾಯಿಯ ಕನ್ನಡ ಮಾತು ಸಮುದ್ರ ದಾಟಿ ಲ್ಯಾಟಿನ್ ಹೆಸರುಗಳ ಸಾಲಿನಲ್ಲಿ ಕುಳಿತಿತು. ಅಂದರೆ ಹೊಲದಿಂದ ಕಪಾಟಿಗೆ ದಾರಿ ಅಂದಿನಿಂದಲೂ ಸಲೀಸು. ಕಪಾಟಿನಿಂದ ಹೊಲಕ್ಕೆ ಮರಳುವ ದಾರಿಯಲ್ಲೇ ಮುಳ್ಳು ಬೆಳೆದಿದೆ.

ಮರಳಲು ಸಾಧ್ಯವೇ ಇಲ್ಲವೆಂದಲ್ಲ. ಅಡಿಕೆಯ ಕೊಳೆರೋಗದ ಮೇಲೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು ಸಂಶೋಧನೆ ನಡೆಸಿ 1910ರಲ್ಲಿ ಕೃಷಿ ಇಲಾಖೆಯ ಮೂಲಕ ಪ್ರಕಟಿಸಿದರು. ಪುಸ್ತಕ ಇಂಗ್ಲಿಷಿನಲ್ಲಿಯೇ ಇತ್ತು, ನಿಜ. ಆದರೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ತೋಟ ತೋಟಕ್ಕೂ ತಲುಪಿತು, ಇಂದಿಗೂ ಮಳೆಗಾಲಕ್ಕೆ ಮುಂಚೆ ಅಡಿಕೆ ಬೆಳೆಗಾರರು ಅದನ್ನು ಕಲಸುತ್ತಾರೆ. ನಾವೆಲ್ಲ ಹೊಲದಲ್ಲಿ ಬಳಸುವ ಪ್ರಯೋಗ ವಿಧಾನದ ಕಥೆಯೂ ಇಂಥದೇ. ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೇಂದ್ರದಲ್ಲಿ 1843ರಿಂದ ಗೋಧಿಯ ದೀರ್ಘಕಾಲದ ಪ್ರಯೋಗ ನಡೆದಿದೆ. ಅಲ್ಲಿಗೆ 1919ರಲ್ಲಿ ಸೇರಿದ ಆರ್. ಎ. ಫಿಷರ್, ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ವಿಜ್ಞಾನಿ ತನ್ನ ಇಷ್ಟದಂತೆ ಆರಿಸಬಾರದು, ಚೀಟಿ ಎತ್ತಿದ ಹಾಗೆ ಆಗಬೇಕು, ಒಂದೊಂದು ಉಪಚಾರವನ್ನೂ ಹಲವು ತಾಕುಗಳಲ್ಲಿ ಪುನರಾವರ್ತಿಸಬೇಕು ಎಂದು ವಾದಿಸಿದರು. ಆ ಪ್ರಸಿದ್ಧ ಲೇಖನ 1926ರಲ್ಲಿ ಅಚ್ಚಾದದ್ದು ಯಾವುದೋ ಗಣಿತ ಪತ್ರಿಕೆಯಲ್ಲಿ ಅಲ್ಲ, ಬ್ರಿಟನ್ನಿನ ಕೃಷಿ ಮಂತ್ರಾಲಯದ ಪತ್ರಿಕೆಯಲ್ಲಿ! ಇಂದು ನನ್ನಂಥವನು ಹಾಗೆ ಮಾಡಿದರೆ ಬಡ್ತಿಯ ಸಮಿತಿಯವರು ಅದನ್ನು 'ಜನಪ್ರಿಯ ಲೇಖನ' ಎಂಬ ಕಾಲಂಗೆ ತಳ್ಳಿ ಬಹಳ ಕಡಿಮೆ ಅಂಕ ಹಾಕುತ್ತಾರೆ.

ಇದೆಲ್ಲ ವಿಜ್ಞಾನಿಗಳ ಮನೆಯ ಜಗಳ, ನಮಗೇನು ಎನ್ನಬೇಡಿ. ಮೇಲೆ ಹೇಳಿದ ಹಳ್ಳಿಯ ಕೆರೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ. ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ. ನೊರೆ ಕಾಣಿಸಿದಾಗ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮುಂದೆ ಈ ಊರಿನ ಕೆರೆಯೂ ತುಂಬಿತು, ಬತ್ತಿದ ಕೊಳವೆ ಬಾವಿಗಳಲ್ಲಿ ನೀರು ಕಂಡಿತು, ಜನರಿಗೆ ಜೀವ ಬಂತು. ಅದರೊಡನೆಯೇ ಪ್ರಶ್ನೆಗಳೂ ಬಂದವು.

ಈ ನೀರಿನಲ್ಲಿ ಸಾರಜನಕ ಎಷ್ಟಿದೆ, ಅದನ್ನು ಲೆಕ್ಕಕ್ಕೆ ಹಿಡಿದರೆ ಟೊಮೆಟೋಗೆ ಯೂರಿಯಾ ಎಷ್ಟು ಕಡಿಮೆ ಮಾಡಬೇಕು, ಮಾಡದಿದ್ದರೆ ಬೆಳೆ ಸೊಕ್ಕಿ ರೋಗ ಹೆಚ್ಚುವುದೇ? ಇದು ಸಸ್ಯವಿಜ್ಞಾನದವರ ಪ್ರಶ್ನೆ. ಉತ್ತರ 'ಪ್ಲಾಂಟ್ ಅಂಡ್ ಸಾಯಿಲ್'ನಂಥ ನಿಯತಕಾಲಿಕಗಳ ಕಪಾಟಿನಲ್ಲಿ. ರಂಜಕ ಹೆಚ್ಚಾದಾಗ ನೀರು ಪಾಚಿಗಟ್ಟಿ ಹಸಿರಾಗುತ್ತದೆ. ಪಾಚಿ ಹಗಲಲ್ಲಿ ಆಮ್ಲಜನಕ ಬಿಟ್ಟರೂ ರಾತ್ರಿ ತಾನೇ ಬಳಸುವುದರಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರು ಸಾಲದಾಗಿ ಮೀನು ಸಾಯುತ್ತದೆ. ಕೆರೆ ಹರಾಜು ಹಿಡಿದ ಮೀನುಗಾರರ ಸಂಘಕ್ಕೆ ಬೇಕಾದ ಈ ಮಾತು ಜಲಪರಿಸರ ವಿಜ್ಞಾನದ 'ಹೈಡ್ರೋಬಯಾಲಜಿಯಾ'ದಂಥ ಪತ್ರಿಕೆಗಳಲ್ಲಿ. ಇವೆರಡೂ 1948ರಲ್ಲಿ ಹುಟ್ಟಿದವು, ಆದರೆ ಒಂದರ ಓದುಗರು ಇನ್ನೊಂದನ್ನು ತೆರೆಯುವುದು ಅಪರೂಪ. ಇನ್ನು ಬೆಂಗಳೂರು ಮುಂದೆ ಎಷ್ಟು ನೀರು ಬಿಡುತ್ತದೆ, ಕಾರ್ಖಾನೆಯ ನೀರು ಅದಕ್ಕೆ ಬೆರೆಯದಂತೆ ಪಟ್ಟಣವನ್ನು ಹೇಗೆ ಯೋಜಿಸಬೇಕು ಎಂಬುದು ನಗರ ಯೋಜನೆಯವರ ಕಪಾಟು. ಅವರ ಹೆಸರಾಂತ ನಿಯತಕಾಲಿಕವೊಂದು 1974ರಲ್ಲಿ 'ಲ್ಯಾಂಡ್‌ಸ್ಕೇಪ್ ಪ್ಲಾನಿಂಗ್' ಎಂದು ಆರಂಭವಾಗಿ, ಈಗ ಹೆಸರಿನಲ್ಲಿ 'ಅರ್ಬನ್' ಎಂಬುದನ್ನೂ ಸೇರಿಸಿಕೊಂಡಿದೆ.

ಮೂರು ಶಾಸ್ತ್ರ, ಮೂರು ಕಪಾಟು, ಮೂರು ಬೀಗ. ತೂಬು ಎತ್ತಿದರೆ ಮಾತ್ರ ಮೂರೂ ಒಟ್ಟಿಗೆ ನಿಮ್ಮ ಮಡಿಗೇ ಹರಿದು ಬರುತ್ತವೆ. ಅದಕ್ಕೇ ನಿಮಗೆ ಸಂಬಂಧವಿದೆ ಎಂದೆ.

ಬೀಗದ ವಿಷಯದಲ್ಲಿ ಸ್ವಲ್ಪ ಒಳ್ಳೆಯ ಸುದ್ದಿಯಿದೆ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ 2024ರ ನವೆಂಬರಿನಲ್ಲಿ ಒಪ್ಪಿಗೆ ದೊರೆಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು. 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು 2025ರಿಂದ ಓದಬಹುದು. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಸಂದೇಹವಿಲ್ಲ. ಆದರೆ ಆ ಪಟ್ಟಿಯಲ್ಲಿ ರೈತನಿಲ್ಲ. ಇದ್ದರೂ ಇಂಗ್ಲಿಷ್ ಎಂಬ ಎರಡನೆಯ ಬೀಗ ಹಾಗೆಯೇ ಇದೆ.

ಮೂರನೆಯ ಬೀಗ ಎಲ್ಲಕ್ಕಿಂತ ಕೆಟ್ಟದ್ದು. ಅದನ್ನು ಹಾಕಿದವರಲ್ಲಿ ನಾನೂ ಒಬ್ಬ. ಸುಮಾರು ಹತ್ತು ವರ್ಷಗಳ ಹಿಂದೆ ಎಲೆಗಳಿಗೆ ಸಿಂಪಡಿಸುವ ಒಂದು ದ್ರವವನ್ನು ನೆಲಗಡಲೆಯ ಮೇಲೆ ಎರಡು ವರ್ಷ ಪರೀಕ್ಷಿಸಿದೆ. ಸಿಂಪಡಿಸಿದ ತಾಕಿಗೂ ಬರೀ ನೀರು ಸಿಂಪಡಿಸಿದ ತಾಕಿಗೂ ಇಳುವರಿಯಲ್ಲಿ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಪ್ರಬಂಧ ಬರೆದು ಕಳುಹಿಸಿದೆ. 'ಹೊಸತೇನೂ ಇಲ್ಲ' ಎಂದು ವಾಪಸು ಬಂತು. ಫೈಲನ್ನು ಬೀರುವಿನಲ್ಲಿಟ್ಟು ಬೇರೆ ಕೆಲಸಕ್ಕೆ ಕೈ ಹಾಕಿದೆ. ಮೂರು ವರ್ಷದ ಮೇಲೆ ಒಂದು ಕ್ಷೇತ್ರೋತ್ಸವದಲ್ಲಿ ಒಬ್ಬ ರೈತರು ಅದೇ ದ್ರವದ ಖಾಲಿ ಡಬ್ಬಗಳನ್ನು ತೋರಿಸಿ, ಸಾಲ ಮಾಡಿ ಮೂರು ಎಕರೆಗೆ ಹೊಡೆದೆ, ಏನೂ ಆಗಲಿಲ್ಲವಲ್ಲ, ನನ್ನ ಕ್ರಮದಲ್ಲೇ ತಪ್ಪಿತ್ತೇ ಎಂದು ಕೇಳಿದರು. ತಪ್ಪು ಅವರದಲ್ಲ. ಏನೂ ಆಗುವುದಿಲ್ಲ ಎಂಬುದು ನನ್ನ ಬೀರುವಿನಲ್ಲಿತ್ತು. ಗೆದ್ದ ಪ್ರಯೋಗಗಳು ಮಾತ್ರ ಅಚ್ಚಾಗುವಲ್ಲಿ ಸೋತ ಪ್ರಯೋಗದ ಖರ್ಚನ್ನು ರೈತ ಎರಡನೆಯ ಸಲ ತನ್ನ ಜೇಬಿನಿಂದ ತೆರುತ್ತಾನೆ.

ಹೀಗಾಗಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ರೈತರ ಹೊಲದಲ್ಲಿ ನಡೆದ ಯಾವ ಪ್ರಯೋಗವನ್ನೂ, ಅದು ಗೆಲ್ಲಲಿ ಸೋಲಲಿ, ಫಲಿತಾಂಶವನ್ನು ಎರಡು ಪುಟ ಕನ್ನಡದಲ್ಲಿ ಬರೆದು ಹೊಲದವರ ಕೈಗೆ ಕೊಟ್ಟು, ಊರಿನಲ್ಲಿ ಓದಿ ಹೇಳುವವರೆಗೆ ಮುಗಿಯಿತೆಂದು ಪರಿಗಣಿಸಬಾರದು. ಬಡ್ತಿಯ ಲೆಕ್ಕದಲ್ಲಿ ಆ ಎರಡು ಪುಟಕ್ಕೂ ತೂಕವಿರಬೇಕು. ಇಲ್ಲದಿದ್ದರೆ ನನ್ನಂಥವರು ಬರೆಯುವುದಿಲ್ಲ. ಸಹೋದ್ಯೋಗಿಗಳಲ್ಲಿ ಕೆಲವರು ಒಪ್ಪುವುದಿಲ್ಲ. ಒಂದು ವರ್ಷದ ಅಂಕಿ ನೋಡಿ ರೈತರು ಅವಸರಪಟ್ಟು ನಷ್ಟ ಮಾಡಿಕೊಂಡಾರು ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅಂಗಡಿಯವನ ಮಾತು ಕೇಳಿ ಆಗುತ್ತಿರುವ ನಷ್ಟಕ್ಕಿಂತ ಅದು ಹೆಚ್ಚಾದೀತೆಂದು ನನಗೆ ಅನ್ನಿಸುವುದಿಲ್ಲ. 'ಇದು ಒಂದೇ ವರ್ಷದ್ದು, ಇನ್ನೂ ನೋಡಬೇಕು' ಎಂದು ಕನ್ನಡದಲ್ಲಿ ಬರೆದರೆ ರೈತರಿಗೆ ಅರ್ಥವಾಗದೇ?

ಅಲ್ಲಿಯವರೆಗೆ ನೀವೇ ಕೇಳಿ ಪಡೆಯಿರಿ. ನಿಮ್ಮ ಜಮೀನಿನಲ್ಲಿ ತಾಕು ಹಾಕಿಸಲು ಬಂದವರನ್ನು, ಫಲಿತಾಂಶ ಯಾವಾಗ, ಯಾವ ಭಾಷೆಯಲ್ಲಿ ಕೊಡುತ್ತೀರಿ ಎಂದು ಮೊದಲ ದಿನವೇ ಕೇಳಿ. ಮಕ್ಕಳು ಓದಿದ್ದರೆ ಪ್ರಬಂಧದ ಲೇಖಕರಿಗೊಂದು ಪತ್ರ ಬರೆಸಿ. ಹೆಚ್ಚಿನವರು ಸಂತೋಷದಿಂದ ಪ್ರತಿ ಕಳುಹಿಸುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ 'ಮೈಸೂರು ಜರ್ನಲ್', ಧಾರವಾಡದ 'ಕರ್ನಾಟಕ ಜರ್ನಲ್' ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಕೃಷಿ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳು 'ಕೃಷಿಕೋಶ'ದಲ್ಲಿವೆ. ಓದುವಾಗ ಇಳುವರಿಯ ಅಂಕಿಗೆ ಮಾರುಹೋಗುವ ಮೊದಲು ಮಣ್ಣು ಯಾವುದು, ಮಳೆ ಎಷ್ಟು, ಎಷ್ಟು ವರ್ಷ, ಏನೂ ಹಾಕದ ತಾಕು ಇತ್ತೇ ಎಂದು ನೋಡಿ. ಎರೆ ಮಣ್ಣಿನ ಉತ್ತರವನ್ನು ಕೆಂಪು ಮಣ್ಣಿಗೆ ತರಬೇಡಿ.

ಕಳೆದ ವರ್ಷ ನಾನು ಕೋಲಾರದ ಆ ಮನೆಗೆ ಎರಡು ಪುಟ ಬರೆದುಕೊಂಡು ಹೋದೆ. ಮಗಳು ಗಟ್ಟಿಯಾಗಿ ಓದಿದಳು, ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಎರಡು ಕಂತಿನ ಯೂರಿಯಾದಲ್ಲಿ ಇಳುವರಿ ಹೆಚ್ಚು ಎಂಬಲ್ಲಿಗೆ ಬಂದಾಗ ತಡೆದು, ಮೂಡಲ ಮೂಲೆಯ ತಾಕಿಗೆ ಯಾವುದು ಬಿದ್ದಿತ್ತು ಎಂದು ಕೇಳಿದರು. ನಕ್ಷೆ ತೆಗೆದು ನೋಡಿದೆ. ಮೂರು ವರ್ಷವೂ ಅದೇ ನಕ್ಷೆ. ನಾಲ್ಕು ಪುನರಾವರ್ತನೆಗಳಲ್ಲಿ ಒಂದರ ಎರಡು ಕಂತಿನ ತಾಕು ಅಲ್ಲೇ ಇತ್ತು. "ಅಲ್ಲಿ ನಮ್ಮಪ್ಪನ ಕಾಲದ ತಿಪ್ಪೆ ಇತ್ತು ಸ್ವಾಮಿ. ಆ ಜಾಗದಲ್ಲಿ ಏನು ಹಾಕಿದರೂ ಬರ್ತದೆ" ಎಂದರು.

ಪ್ರಬಂಧವನ್ನು ಪರಿಶೀಲಿಸಿದ ಮೂವರಿಗೂ ಇದು ಗೊತ್ತಾಗುವಂತಿರಲಿಲ್ಲ. ಆ ತಾಕನ್ನು ಬಿಟ್ಟು ಲೆಕ್ಕವನ್ನು ಮತ್ತೆ ಮಾಡಿದೆ. ಎರಡು ಕಂತಿನ ಲಾಭ ಉಳಿಯಿತು, ಆದರೆ ಅಚ್ಚಾದಷ್ಟು ಉಳಿಯಲಿಲ್ಲ. ನಿಯತಕಾಲಿಕಕ್ಕೆ ತಿದ್ದುಪಡಿ ಕಳುಹಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಅವರ ಮನೆಯಲ್ಲಿರುವ ಎರಡು ಪುಟವನ್ನು ಮಾತ್ರ ಅಂದೇ ಅವರೆದುರಿಗೇ ತಿದ್ದಿ ಬಂದೆ.