ಔಷಧದ ಅಳತೆಯೂ ದೇಹದ ತೂಕವೂ

ಹೊಸಕೋಟೆಯ ದೊಡ್ಡ ಕೆರೆಯನ್ನು ಕಂಡವರಿಗೆ ಒಂದು ಮಾತನ್ನು ಹೇಳಿಕೊಡಬೇಕಾಗಿಲ್ಲ. ಕೆರೆಯಲ್ಲಿ ಎಷ್ಟು ನೀರು ನಿಲ್ಲುವುದೆಂಬುದು ಬಿದ್ದ ಮಳೆಯೊಂದರಿಂದಲೇ ತಿಳಿಯದು. ಕೆರೆಯ ಹರವೆಷ್ಟು, ತೂಬಿನಿಂದ ಹೊರಕ್ಕೆ ಹರಿಯುವುದೆಷ್ಟು ಎಂಬುದನ್ನೂ ನೋಡಬೇಕು. ದೇಹಕ್ಕೆ ಕೊಟ್ಟ ಔಷಧದ ವಿಷಯವೂ ಹೀಗೆಯೇ. ಆದರೂ ‘ಕಿಲೋಗ್ರಾಂ ತೂಕಕ್ಕೆ ಇಷ್ಟು ಮಿಲಿಗ್ರಾಂ’ ಎಂಬ ಸೂತ್ರವು ಎಲ್ಲರಿಗೂ ಒಂದೇ ಸಮನಾಗಿ ಹೊಂದುವುದೆಂದು ನಾವು ನಂಬಿಬಿಡುತ್ತೇವೆ. ಇದು ಸರಿಯಲ್ಲವೆಂಬುದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗವೇ ನಿದರ್ಶನ.

ಅಮೆರಿಕದ ವೈದ್ಯೆ ಡೊರೊತಿ ಆ್ಯಂಡರ್ಸನ್ 1938ರಲ್ಲಿ ಈ ರೋಗವನ್ನು ವಿವರವಾಗಿ ವರ್ಣಿಸಿದರು. ಅದರ ಜೀನು 1989ರಲ್ಲಿ ಪತ್ತೆಯಾಯಿತು. ಜೀವಕೋಶದ ಪೊರೆಯಲ್ಲಿ ಕ್ಲೋರೈಡ್ ಅಯಾನುಗಳು ದಾಟುವ ಹಾದಿ ಕೆಡುವುದರಿಂದ ಬೆವರು ಅತಿಯಾಗಿ ಉಪ್ಪಾಗುತ್ತದೆ. ಶ್ವಾಸಕೋಶದ ಲೋಳೆ ಗಟ್ಟಿಯಾಗಿ ಅದರಲ್ಲಿ ಬ್ಯಾಕ್ಟೀರಿಯಗಳು ಬೀಡುಬಿಡುತ್ತವೆ. ಆದ್ದರಿಂದ ಪ್ರತಿಜೀವಕಗಳು ಮತ್ತೆ ಮತ್ತೆ ಬೇಕಾಗುತ್ತವೆ.

ಇಲ್ಲಿಯೇ ತೊಡಕು. ಈ ರೋಗಿಗಳ ಮೈಯಲ್ಲಿ ಕೊಬ್ಬು ಕಡಮೆ. ಆದ್ದರಿಂದ ತೂಕಕ್ಕೆ ಹೋಲಿಸಿದರೆ ನೀರಿನ ಪಾಲು ಹೆಚ್ಚು. ಟೋಬ್ರಮೈಸಿನ್‌ನಂತಹ, ನೀರಿನಲ್ಲಿ ಕರಗುವ ಔಷಧವು ಹೆಚ್ಚು ಹರವಿನಲ್ಲಿ ಹಂಚಿಹೋಗಿ ತೆಳುವಾಗುತ್ತದೆ. ಅದರ ಮೇಲೆ ಅನೇಕ ರೋಗಿಗಳಲ್ಲಿ ಔಷಧವು ದೇಹದಿಂದ ಬೇಗನೆ ಹೊರಬೀಳುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ವಿಕಿರಣ ಪಾಠದಲ್ಲಿ ಪರಿಚಿತವಾದ ಅರ್ಧಾಯುವಿನ ಲೆಕ್ಕವನ್ನೇ ಇಲ್ಲಿ ಮಾಡಬಹುದು. ಔಷಧದ ಅರ್ಧಾಯು 2 ಗಂಟೆಯೆಂದು ಭಾವಿಸಿದರೆ 6 ಗಂಟೆಗಳ ಅನಂತರ ಉಳಿಯುವುದು ಎಂಟನೆಯ ಒಂದು ಪಾಲು. ಒಂದೂವರೆ ಗಂಟೆಯಾದರೆ ಹದಿನಾರನೆಯ ಒಂದು ಪಾಲು. ಅರ್ಧ ಗಂಟೆಯ ವ್ಯತ್ಯಾಸವು ಉಳಿಕೆಯನ್ನು ಅರ್ಧಕ್ಕೆ ಇಳಿಸಿತು! ಪ್ರಮಾಣ ಸಾಲದಾದರೆ ಬ್ಯಾಕ್ಟೀರಿಯಗಳು ಸಾಯುವುದಿಲ್ಲ. ಔಷಧಕ್ಕೆ ಜಗ್ಗದಂತಹವು ಉಳಿದು ಬೆಳೆಯುತ್ತವೆ.

ಹಾಗೆಂದು ಕಣ್ಣುಮುಚ್ಚಿ ಪ್ರಮಾಣವನ್ನು ಏರಿಸಲಾಗದು. ಇದೇ ಔಷಧವು ಮಿತಿಮೀರಿದರೆ ಮೂತ್ರಪಿಂಡಕ್ಕೂ ಕಿವಿಗೂ ಕೇಡು. ರಕ್ತದಲ್ಲಿ ಔಷಧವೆಷ್ಟಿದೆಯೆಂದು ಅಳೆದು, ಆ ಅಳತೆಯಂತೆ ವೈದ್ಯರು ಪ್ರಮಾಣವನ್ನು ನಿರ್ಧರಿಸುವುದೇ ಸರಿಯಾದ ಮಾರ್ಗ.

ಔಷಧ ತಯಾರಿಕೆಯಲ್ಲಿ ನಾವು ಹಿಂದುಳಿದವರಲ್ಲ. ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆ ಬೆಂಗಳೂರಿನಲ್ಲಿ 1981ರಲ್ಲಿಯೇ ಹುಟ್ಟಿತು. ಆದರೆ ಔಷಧವನ್ನು ತಯಾರಿಸುವುದು ಒಂದು ವಿದ್ಯೆ, ಅಳೆದು ಕೊಡುವುದು ಮತ್ತೊಂದು. ಇದು ಐರೋಪ್ಯರ ರೋಗವೆಂಬ ಭಾವನೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಹೀಗಾಗಿ ಪದೇಪದೇ ಕೆಮ್ಮುವ, ಮೈ ಹಿಡಿಯದ ಮಗುವಿಗೆ ಕ್ಷಯವೆಂದು ಹೆಸರಿಟ್ಟು ಕಾಲ ಕಳೆಯುವ ಅಪಾಯವುಂಟು. ಚರ್ಮದ ಮೂಲಕ ಅಲ್ಪ ವಿದ್ಯುತ್ತನ್ನು ಹರಿಸಿ ಔಷಧದಿಂದ ಬೆವರು ಬರಿಸಿ, ಅದರ ಕ್ಲೋರೈಡನ್ನು ಅಳೆಯುವ ವಿಧಾನವನ್ನು ಗಿಬ್ಸನ್ ಮತ್ತು ಕುಕ್ 1959ರಲ್ಲಿಯೇ ಪ್ರಕಟಿಸಿದರು.

ದೊಡ್ಡಬಳ್ಳಾಪುರದ ನೇಕಾರನ ಮಗುವಿಗೂ ದೇವನಹಳ್ಳಿಯ ರೈತನ ಮಗುವಿಗೂ ಈ ಎರಡು ಅಳತೆಗಳು ಜಿಲ್ಲೆಯೊಳಗೇ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ತಕ್ಕಡಿ ತೂಕವನ್ನಷ್ಟೇ ಹೇಳಬಲ್ಲದು. ಆ ಮೈಯೊಳಗೆ ಔಷಧ ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ಹೇಳಲಾರದು.