ನೆಟ್ ಸ್ಲೋ ಅಂತ ಪ್ಲಾನ್ ಏರಿಸೋ ಮುಂಚೆ ನೋಡಿ: ತಪ್ಪು ಲೈನಿನದ್ದಾ, ಗೋಡೆಯದ್ದಾ?

ಅರಸೀಕೆರೆ: ಕೊಬ್ಬರಿ ಟೆಂಡರ್ ಮುಗಿಯೋಕೆ ಇನ್ನು ಐದೇ ನಿಮಿಷ. ಮಂಡಿಯಲ್ಲಿ ಕೂತವರ ಮೊಬೈಲಿನಲ್ಲಿ ರೇಟು ಹಾಕೋ ಪುಟ ಸುತ್ತುತ್ತಲೇ ಇದೆ. ಬೇಲೂರಿನ ಲಾಡ್ಜಿಗೆ ಬಂದ ಗಿರಾಕಿ ರೂಮ್ ನೋಡೋ ಮೊದಲೇ ವೈಫೈ ಪಾಸ್‌ವರ್ಡ್ ಕೇಳ್ತಾನೆ. ಹಳೇಬೀಡಿನ ಮನೆಯೊಂದರಲ್ಲಿ ಮಗಳ ಆನ್‌ಲೈನ್ ಕ್ಲಾಸ್ ನಿಂತು ನಿಂತು ಬರ್ತಿದೆ. ಮೂರೂ ಕಡೆ ಕೊನೆಗೆ ಕೇಳೋ ಮಾತು ಒಂದೇ: "ಈ ಕಂಪನಿ ಸರಿ ಇಲ್ಲ. ಇಲ್ಲಾಂದ್ರೆ ಪ್ಲಾನ್ ದೊಡ್ಡದು ಹಾಕಿಸ್ಬೇಕು."

ಹಾಗಂತ ದುಡ್ಡು ಕಟ್ಟಿದವರಲ್ಲಿ ನಾನೂ ಒಬ್ಬ. ಸುದ್ದಿಯ ವಿಡಿಯೋ ಅಪ್‌ಲೋಡ್ ಆಗ್ತಿಲ್ಲ ಅಂತ ಪ್ಲಾನ್ ಏರಿಸಿದೆ. ಏನೂ ಬದಲಾಗ್ಲಿಲ್ಲ. ಕೊನೆಗೆ ನೋಡಿದ್ರೆ ರೂಟರ್ ಇದ್ದಿದ್ದು ಕಬ್ಬಿಣದ ಬೀರುವಿನ ಹಿಂದೆ. ಅದನ್ನ ಈಚೆ ತೆಗೆದಿಟ್ಟ ದಿನ ಸಮಸ್ಯೆ ಮುಗೀತು. ಏರಿಸಿದ ಪ್ಲಾನಿನ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಹಾಗಾಗಿ ಹೇಳೋದು ಇಷ್ಟೇ: ಬೈಯೋ ಮುಂಚೆ, ದುಡ್ಡು ಕಟ್ಟೋ ಮುಂಚೆ ಅಳತೆ ಮಾಡಿ. ತೂಕ ಹಾಕದೆ ಕೊಬ್ಬರಿ ಮಾರ್ತೀವಾ? ನೆಟ್ ಮಾತ್ರ ಯಾಕೆ ಅಂದಾಜಿನ ಮೇಲೆ ಕೊಳ್ಳಬೇಕು?

ಮೊದಲು ಲೆಕ್ಕ ತಿಳ್ಕೊಳ್ಳಿ

ಪ್ಲಾನಿನಲ್ಲಿ ಬರೆಯೋದು ಎಂಬಿಪಿಎಸ್, ಅಂದ್ರೆ ಮೆಗಾಬಿಟ್. ನಾವು ಫೈಲ್ ಡೌನ್‌ಲೋಡ್ ಮಾಡುವಾಗ ನೋಡೋದು ಮೆಗಾಬೈಟ್. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಆದ್ದರಿಂದ 40 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ 5 ಎಂಬಿ ಬಂದ್ರೆ ಅದು ಮೋಸ ಅಲ್ಲ, ಪೂರ್ತಿ ಸ್ಪೀಡೇ. ಜಾಹೀರಾತಿನ "ವರೆಗೆ" ಅನ್ನೋ ಸಣ್ಣ ಪದವನ್ನೂ ಓದಿ. "100ರ ವರೆಗೆ" ಅಂದ್ರೆ ಯಾವಾಗಲೂ 100 ಅಂತ ಅಲ್ಲ. ಸರ್ಕಾರದ ಲೆಕ್ಕದಲ್ಲಂತೂ 2 ಎಂಬಿಪಿಎಸ್ ಬಂದ್ರೂ ಅದು ಬ್ರಾಡ್‌ಬ್ಯಾಂಡೇ. 2023ಕ್ಕೆ ಮೊದಲು ಆ ಮಿತಿ ಬರೀ 512 ಕೆಬಿಪಿಎಸ್ ಇತ್ತು.

ಎರಡು ಟೆಸ್ಟ್, ಒಂದು ತೀರ್ಪು

ಮೊದಲ ಟೆಸ್ಟ್ ವೈರ್ ಹಾಕಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರ ರೂಟರಿಗೆ ಜೋಡಿಸಿ. ಮನೆಯ ಬೇರೆ ಮೊಬೈಲು, ಟಿವಿಗಳ ವೈಫೈ ಆಫ್ ಮಾಡಿ. ಊಕ್ಲಾದ ಸ್ಪೀಡ್‌ಟೆಸ್ಟ್ ಅಥವಾ ಫಾಸ್ಟ್ ಡಾಟ್ ಕಾಮ್‌ನಲ್ಲಿ ಮೂರು ಸಲ ನೋಡಿ. ಲ್ಯಾಪ್‌ಟಾಪ್ ಇಲ್ಲದವರು ರೂಟರಿನ ಪಕ್ಕದಲ್ಲೇ ನಿಂತು, ಮೊಬೈಲನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ ನೋಡಬಹುದು.

ಎರಡನೇ ಟೆಸ್ಟ್ ನೀವು ದಿನಾ ನೆಟ್ ಬಳಸೋ ಜಾಗದಲ್ಲಿ: ಗಲ್ಲಾದ ಹತ್ತಿರ, ಮಕ್ಕಳು ಓದೋ ರೂಮಿನಲ್ಲಿ.

ಉದಾಹರಣೆಗೆ 100ರ ಪ್ಲಾನ್ ಅಂತಿಟ್ಟುಕೊಳ್ಳಿ. ವೈರಿನಲ್ಲಿ 90ಕ್ಕಿಂತ ಹೆಚ್ಚು ಬಂದು ರೂಮಿನಲ್ಲಿ 10 ಬಂದ್ರೆ ತಪ್ಪು ಮನೆ ಒಳಗಿದೆ. ಪ್ಲಾನ್ 300ಕ್ಕೆ ಏರಿಸಿದ್ರೂ ಆ ರೂಮಿಗೆ ಬರೋದು ಹೆಚ್ಚೂಕಡಿಮೆ ಅದೇ 10. ವೈರಿನಲ್ಲೇ 15 ಬಂದ್ರೆ ಆಗ ಕಂಪನಿಯನ್ನ ಕೇಳಿ. ಬೆಳಿಗ್ಗೆ ಒಂದು ಸಲ, ರಾತ್ರಿ ಎಂಟರಿಂದ ಹತ್ತರೊಳಗೆ ಒಂದು ಸಲ, ಹೀಗೆ ಮೂರು ದಿನ ನೋಡಿ ಬರೆದಿಟ್ಕೊಳ್ಳಿ. ಒಂದೇ ಟೆಸ್ಟ್ ನಂಬಬೇಡಿ.

ಗೋಡೆಯ ತಪ್ಪಾದ್ರೆ

ನಮ್ಮ ಕಡೆ ಹಳೇ ಮನೆಗಳ ಮಣ್ಣಿನ ಗೋಡೆ, ಕಲ್ಲಿನ ಗೋಡೆ ದಪ್ಪ. ವೈಫೈಯ 5 ಗಿಗಾಹರ್ಟ್ಸ್ ತರಂಗ ಸ್ಪೀಡ್ ಕೊಡುತ್ತೆ, ಆದ್ರೆ ಗೋಡೆ ದಾಟೋದರಲ್ಲಿ ಸೋಲುತ್ತೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತೆ, ಸ್ಪೀಡ್ ಕಡಿಮೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟುಕೊಂಡು ಹತ್ತಿರಕ್ಕೆ 5, ದೂರಕ್ಕೆ 2.4 ಬಳಸಿ. ಅಂಗಡಿ ಸಾಲಿನಲ್ಲಿ ಎಲ್ಲರ ರೂಟರೂ 2.4ರಲ್ಲೇ ಕಿತ್ತಾಡ್ತಾ ಇರ್ತವೆ. ಸೆಟ್ಟಿಂಗಿನಲ್ಲಿ ಚಾನೆಲ್ 1, 6 ಅಥವಾ 11ರಲ್ಲಿ ಯಾವುದು ಖಾಲಿಯೋ ಅದಕ್ಕೆ ಹಾಕಿ. ಈ ಮೂರು ಒಂದರ ಮೇಲೊಂದು ಬೀಳೋದಿಲ್ಲ.

ರೂಟರ್ ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ, ಮನೆಯ ನಡುವೆ ಇರಲಿ. ಬೀರು, ಫ್ರಿಜ್, ಕನ್ನಡಿ, ನೀರಿನ ಟ್ಯಾಂಕ್, ರೋಲಿಂಗ್ ಶಟರ್ ಹತ್ತಿರ ಬೇಡ. ಅಷ್ಟಾದ್ರೂ ಹಿಂದಿನ ರೂಮಿಗೆ ಸಿಗದಿದ್ರೆ ಅಲ್ಲಿವರೆಗೆ ಲ್ಯಾನ್ ಕೇಬಲ್ ಎಳೆದು ಇನ್ನೊಂದು ರೂಟರ್ ಇಡೋದು, ಪ್ಲಗ್ಗಿಗೆ ಸಿಕ್ಕಿಸೋ ರಿಪೀಟರಿಗಿಂತ ಭದ್ರ. ಕರೆಂಟ್ ಹೋದಾಗ ನೆಟ್ ಬೇಕಂದ್ರೆ ರೂಟರಿಗೆ ಸಣ್ಣ ಯುಪಿಎಸ್ ಸಿಗುತ್ತೆ. ಅಡಾಪ್ಟರ್ ಮೇಲಿನ ವೋಲ್ಟ್ ನೋಡಿ ತಗೊಳ್ಳಿ.

ಅಂಗಡಿಯವರಿಗೆ ಇನ್ನೊಂದು ಮಾತು. ಯುಪಿಐಗೆ ಬೇಕಾಗೋದು ಚೂರೇ ಚೂರು ಡೇಟಾ. ಸೌಂಡ್ ಬಾಕ್ಸ್‌ಗಳು ಸಾಮಾನ್ಯವಾಗಿ ಒಳಗಿರೋ ಸಿಮ್ಮಿನ ಮೇಲೆ ನಡೀತವೆ, ನಿಮ್ಮ ವೈಫೈ ಮೇಲೆ ಅಲ್ಲ. ಅದು ತಡವಾಗಿ ಕೂಗಿದ್ರೆ ವೈಫೈ ಪ್ಲಾನ್ ಏರಿಸಿ ಪ್ರಯೋಜನ ಇಲ್ಲ.

ಲೈನಿನ ತಪ್ಪಾದ್ರೆ

ಫೈಬರ್ ಬಾಕ್ಸಿನಲ್ಲಿ ಎಲ್‌ಒಎಸ್ ಅನ್ನೋ ದೀಪ ಕೆಂಪಾದ್ರೆ ನಿಮ್ಮ ಮನೆಗೆ ಬೆಳಕೇ ಬರ್ತಿಲ್ಲ ಅಂತ ಅರ್ಥ. ಎಲ್ಲೋ ಕೇಬಲ್ ಕಟ್ಟಾಗಿದೆ ಅಥವಾ ಬಗ್ಗಿದೆ. ರಸ್ತೆ, ಪೈಪ್‌ಲೈನ್ ಕೆಲಸದ ಜೆಸಿಬಿ ಫೈಬರ್ ಕಿತ್ತು ಹಾಕೋದು ನಮಗೆ ಹೊಸದಲ್ಲ. ಅಗೆಯೋ ಮುಂಚೆ ಕೇಬಲ್ ಮಾಲೀಕರಿಗೆ ತಿಳಿಸಲಿ ಅಂತಲೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ನಿಮ್ಮ ಬೀದಿಯಲ್ಲಿ ಗುಂಡಿ ತೆಗೆಯೋ ಗುತ್ತಿಗೆದಾರರನ್ನ "ಅದರಲ್ಲಿ ಹಾಕಿದ್ದೀರಾ?" ಅಂತ ಕೇಳೋದರಲ್ಲಿ ತಪ್ಪಿಲ್ಲ.

ಫೈಬರ್ ಬಾರದ ಕಡೆ 5ಜಿ ಟವರಿನಿಂದ ನೆಟ್ ಹಿಡಿಯೋ ಏರ್‌ಫೈಬರ್ ಹಾಕಿಸ್ತಿದ್ದಾರೆ. ಇದರಲ್ಲಿ ಟವರಿನ ಸಾಮರ್ಥ್ಯವನ್ನ ಎಲ್ಲರೂ ಹಂಚ್ಕೋಬೇಕು, ಅದಕ್ಕೇ ರಾತ್ರಿ ಇಳಿಯುತ್ತೆ. ಮನೆ ಮೇಲಿನ ಡಬ್ಬಿಗೂ ಟವರಿಗೂ ಮಧ್ಯೆ ಅಡ್ಡ ಇರಬಾರದು. ತೋಟದ ಮನೆಯವರು ಗಮನಿಸಿ: ತೆಂಗಿನ ಗರಿ, ಅದರಲ್ಲೂ ಮಳೆಯಲ್ಲಿ ನೆಂದ ಗರಿ, ಸಿಗ್ನಲ್ ತಿನ್ನುತ್ತೆ. ಡಬ್ಬಿಯ ಜಾಗ ಬದಲಿಸೋಕೆ ಹೇಳಿ.

ಬೇಲೂರು, ಹಳೇಬೀಡಿನ ಕಥೆ ಇನ್ನೂ ಬೇರೆ. ದೇವಸ್ಥಾನಗಳು 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆ ಪಟ್ಟಿ ಸೇರಿದವು. ಆದ್ರೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆ 200 ಮೀಟರಿಗೆ ಅನುಮತಿ ಬೇಕು ಅಂತ 2010ರ ಕಾನೂನು ತಿದ್ದುಪಡಿ ಹೇಳುತ್ತೆ. ಟವರ್ ಅಂದ್ರೆ ಅದೂ ನಿರ್ಮಾಣವೇ. ಗುಡಿ ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ರಜೆ ದಿನ ಬಸ್ಸುಗಟ್ಟಲೆ ಜನ ಬಂದು ಎಲ್ಲರೂ ಒಟ್ಟಿಗೆ ಫೋಟೋ ಕಳಿಸುವಾಗ ದೂರದ ಟವರ್ ಸುಸ್ತಾಗುತ್ತೆ. ಗುಡಿ ಸುತ್ತಲ ಅಂಗಡಿಯವರು ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಳ್ಳೋ ಬದಲು ನಾಲ್ಕು ಜನ ಸೇರಿ ಫೈಬರಿಗೆ ಬೇಡಿಕೆ ಇಡೋದು ಜಾಣತನ.

ದೂರು ಕೊಡುವಾಗ

"ಸ್ಲೋ ಇದೆ" ಅಂದ್ರೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂತಾರೆ. "ವೈರಿನಲ್ಲಿ ಟೆಸ್ಟ್ ಮಾಡಿದ್ದೀನಿ, ಮೂರು ದಿನದ ಸ್ಕ್ರೀನ್‌ಶಾಟ್ ಇದೆ" ಅಂದ್ರೆ ಆ ಉತ್ತರ ನಡೆಯಲ್ಲ. ಡಾಕೆಟ್ ನಂಬರ್ ತಗೊಳ್ಳಿ. ಪರಿಹಾರ ಸಿಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕ ಇಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮದ ಪ್ರಕಾರ ಮನೆ ಲೈನಿನ ದೋಷ ಮೂರು ದಿನ ಕಳೆದ ಮೇಲೆ ಸರಿಯಾದ್ರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಟೆಲಿಕಾಂ ಗ್ರಾಹಕರು ನೇರವಾಗಿ ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲೇ ಹೇಳಿದೆ. ಮೊಬೈಲ್ ಡೇಟಾ ಸ್ಪೀಡಿಗೆ ಟ್ರಾಯ್‌ನ 'ಮೈಸ್ಪೀಡ್' ಆ್ಯಪ್ ಬಳಸಿ. ಫಲಿತಾಂಶ ಟ್ರಾಯ್‌ಗೇ ಹೋಗುತ್ತೆ.

ಬೆಂಗಳೂರಿನವರು ಕೂಗಿದ್ರೆ ಕೇಳಿಸುತ್ತೆ, ತಾಲ್ಲೂಕಿನವರು ಕೂಗಿದ್ರೆ ಕೇಳಿಸಲ್ಲ ಅಂತೀವಿ. ನಿಜವೇ. ಆದ್ರೆ ನಮ್ಮ ಕೈಯಲ್ಲಿ ಲೆಕ್ಕವೂ ಇಲ್ಲದಿದ್ರೆ ಕೇಳಿಸೋದಾದ್ರೂ ಹೇಗೆ? ಅಂಗಡಿಯ ಉದ್ರಿ ಪುಸ್ತಕದ ಕೊನೇ ಹಾಳೆಯಲ್ಲಿ ತಾರೀಖು, ಸಮಯ, ಸ್ಪೀಡ್ ಅಂತ ಮೂರು ಗೆರೆ ಎಳೀರಿ. ಇವತ್ತು ರಾತ್ರಿ ಒಂಬತ್ತಕ್ಕೇ ಶುರು ಮಾಡಿ. ಅದಕ್ಕೂ ಮುಂಚೆ ಒಂದು ಸಲ ಬೀರುವಿನ ಹಿಂದೆ ನೋಡ್ಬಿಡಿ.